ಚಪ್ಪಟೆಯಾದ ಪ್ರೈಮರ್

ಒಮಾನಿನ ಇಬ್ರಿಯಲ್ಲಿ ನಾನು ಕೆಲಸ ಮಾಡುವ ಲೇತ್ ವರ್ಕ್‌ಶಾಪಿನ ಮಾಲೀಕ, ಅಂದರೆ ನನಗೆ ವೀಸಾ ಕೊಟ್ಟ ಕಫೀಲ್, ರೈಫಲ್ ಹುಚ್ಚಿನವನು. ಲೈಸೆನ್ಸ್ ಇದೆ, ಗುರಿಯೂ ಇದೆ, ಆದರೆ ಅಂಗಡಿಯ ತೋಟಾ ಮಾತ್ರ ಅವನಿಗೆ ಆಗಿಬರುವುದಿಲ್ಲ. ಹಾರಿಸಿದ ಖಾಲಿ ತೋಟಾಗಳಿಗೆ ಹೊಸ ಪ್ರೈಮರ್ ಕೂರಿಸಿ, ಮದ್ದು ತುಂಬಿ, ಗುಂಡು ಒತ್ತಿ ತಾನೇ ತಯಾರಿಸಬೇಕು. ಗುರಿ ಹೊಡೆದು ಬಂದ ಮೇಲೆ ಖಾಲಿ ತೋಟಾಗಳನ್ನು ಕಾಫಿ ಕಪ್ಪಿಗೆ ಸುರಿದು ನನ್ನ ಮುಂದೆ ಸರಿಸುತ್ತಿದ್ದ. ಅರಬ್ಬರ ಕಾಫಿ ಕಹ್ವಾ ಕುಡಿಯುತ್ತಾ ಇಬ್ಬರೂ ಒಂದೊಂದನ್ನೇ ಎತ್ತಿ ನೋಡುವುದು ನಮ್ಮ ರೂಢಿಯಾಗಿತ್ತು.

ನೋಡಬೇಕಾದದ್ದು ತೋಟಾದ ತಳವನ್ನು. ಅಲ್ಲಿ ನಟ್ಟನಡುವೆ ಕೂತ ಪುಟ್ಟ ಲೋಹದ ಬಿಲ್ಲೆಯೇ ಪ್ರೈಮರ್. ರೈಫಲಿನ ಪಿನ್ ಬಡಿದಾಗ ಕಿಡಿ ಹುಟ್ಟಿ ಮದ್ದಿಗೆ ಬೆಂಕಿ ತಗಲುವುದು ಅಲ್ಲಿಂದಲೇ. ಹಾರಿಸಿದ ಮೇಲೂ ಅದರ ಅಂಚು ದುಂಡಗೆ ಉಳಿದಿದ್ದರೆ ಚಿಂತೆಯಿಲ್ಲ. ಅಂಚೇ ಕಾಣದಂತೆ, ಕಾವಲಿಯ ಮೇಲೆ ಹೊಯ್ದ ದೋಸೆಹಿಟ್ಟಿನ ಹಾಗೆ ಹರಡಿಕೊಂಡಿದ್ದರೆ ಅನುಮಾನಪಡಬೇಕು. ಚಪ್ಪಟೆಯಾದದ್ದೊಂದೇ ಸಾಕ್ಷಿಯಲ್ಲ, ಪ್ರೈಮರ್ ಮೆದುವಾಗಿದ್ದರೂ ಹಾಗಾಗುತ್ತದೆ. ಆದರೆ ಜೊತೆಗೆ ಪಿನ್ ಗುರುತಿನ ಸುತ್ತ ತುಟಿ ಎದ್ದಿದ್ದರೆ, ಅಂಚಿನಲ್ಲಿ ಮಸಿ ಸೋರಿದ್ದರೆ, ತೋಟಾದ ಹಿಂದೆ ಮುಚ್ಚಿಕೊಳ್ಳುವ ಬೋಲ್ಟ್ ಬಿಗಿದುಕೊಂಡು ಮೇಲೇಳದಿದ್ದರೆ, ಒಳಗಿನ ಒತ್ತಡ ಮಿತಿ ಮೀರಿದೆ ಎಂದೇ ಅರ್ಥ. ಆಗ ರೈಫಲ್ ಕೆಳಗಿಡಬೇಕು. ಇದನ್ನೆಲ್ಲ ನನಗೆ ಕಲಿಸಿದವನು ಅವನೇ.

ಒಂದು ಬೇಸಿಗೆಯಲ್ಲಿ ಅವನೂ ಅವನ ತಮ್ಮನೂ ಗುರಿ ಹೊಡೆಯಲು ವಾದಿಗೆ, ಅಂದರೆ ಒಣಗಿದ ಹೊಳೆಯ ಕಣಿವೆಗೆ, ಹೊರಟಾಗ ನನ್ನನ್ನೂ ಕರೆದರು. ಹೊರಡುವಾಗ ನನ್ನ ಹೆಂಡತಿ ಬಾಗಿಲಲ್ಲೇ ಹೇಳಿದಳು: "ನಿಮ್ಮ ಸಿಟ್ಟು ನಂಗೆ ಗೊತ್ತುಂಟು. ಕಫೀಲನ ಹತ್ರ ಬಾಯಿ ಮಾಡ್ಲಿಕ್ಕೆ ಹೋಗ್ಬೇಡಿ ಮಾರಾಯ್ರೇ. ವೀಸಾ ಅವರ ಕೈಯಲ್ಲುಂಟು."

ಪಿಕಪ್ಪಿನ ಡ್ಯಾಶ್‌ಬೋರ್ಡಿನ ಮೇಲೆ ಟಿಶ್ಯೂ ಡಬ್ಬಿ, ಖರ್ಜೂರ, ಅವುಗಳ ಪಕ್ಕದಲ್ಲೇ ತೋಟಾ ಡಬ್ಬಿ. ಬೆಳಗಿನಿಂದ ಗಾಜಿನ ಬಿಸಿಲಿಗೆ ಬೇಯುತ್ತಿತ್ತು. ಮದ್ದಿನ ಅಳತೆ ಅವನು ಚಳಿಗಾಲದಲ್ಲಿ ಪರೀಕ್ಷಿಸಿ ಗಟ್ಟಿ ಮಾಡಿಕೊಂಡದ್ದು. ಕಾದ ಮದ್ದು ಅದೇ ಅಳತೆಯಲ್ಲೂ ಹೆಚ್ಚು ಒತ್ತಡ ಹುಟ್ಟಿಸುತ್ತದೆ ಎಂಬುದು ಅವನಿಗೂ ಗೊತ್ತು. ಡಬ್ಬಿ ಇರುವ ಜಾಗ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮೊದಲ ಗುಂಡು ಹಾರಿತು. ಬೋಲ್ಟ್ ಏಳಲಿಲ್ಲ. ಕಫೀಲ್ ಅಂಗೈಯಿಂದ ಬಡಿದು ಬಡಿದು ತೆರೆದ. ಬಿದ್ದ ತೋಟಾವನ್ನು ಎತ್ತಿಕೊಂಡೆ. ಪ್ರೈಮರ್ ಚಪ್ಪಟೆ, ನಡುವೆ ಎದ್ದ ತುಟಿ, ಸುತ್ತ ಮಸಿ.

"ಅರ್ಬಾಬ್, ಸಾಕು. ಎಲ್ಲ ಗುರುತೂ ಉಂಟು, ನೋಡಿ," ಎಂದೆ. ನಮ್ಮ ಮಾತೆಲ್ಲ ಹಿಂದಿಯಲ್ಲಿ, ಯಜಮಾನ ಎನ್ನಲು ಮಾತ್ರ ಅರ್ಬಾಬ್.

"ಹೊಸ ಪ್ರೈಮರ್. ಮೆದು. ಅಷ್ಟೇ."

"ಹಾಗಾದ್ರೆ ಈ ಮಸಿ ಎಂತದು? ಡಬ್ಬಿ ಮುಟ್ಟಿ, ಕೈ ಸುಡ್ತದೆ!"

"ಮುಖ್ ಮಾಫೀ," ತಲೆಯೇ ಇಲ್ಲ ಇವನಿಗೆ ಎಂದು ತಮ್ಮ ನಕ್ಕ.

ನನ್ನ ಮೈ ಉರಿದುಹೋಯಿತು. ಕಫೀಲ್ ಇನ್ನೊಂದು ತೋಟಾ ಒಳಗೆ ತಳ್ಳುತ್ತಿದ್ದ. ಹಾರಿ ಅವನ ಮಣಿಕಟ್ಟು ಹಿಡಿದೆ. ಅವನು ಮೊಣಕೈಯಿಂದ ನನ್ನ ಬಾಯಿಗೆ ಗುದ್ದಿದ. ತುಟಿ ಒಡೆದು ರಕ್ತ ಗಂಟಲಿಗಿಳಿಯಿತು. ತಮ್ಮ ಹಿಂದಿನಿಂದ ನನ್ನ ಕೊರಳಿಗೆ ತೋಳು ಹಾಕಿ ಹಿಸುಕಿದ. ಆದರೂ ನನ್ನ ಬಲಗೈಯನ್ನು ಯಾರೂ ಹಿಡಿದಿರಲಿಲ್ಲ. ಮುಷ್ಟಿ ಎದ್ದಿತ್ತು. ಕಫೀಲನ ದವಡೆ ಕೈಯಳತೆಯಲ್ಲೇ ಇತ್ತು. ಒಂದೇ ಏಟು ಸಾಕಿತ್ತು, ರೈಫಲ್ ಮಣ್ಣಿಗೆ ಬೀಳುತ್ತಿತ್ತು. ಬಾಗಿಲಲ್ಲಿ ಹೆಂಡತಿ ಹೇಳಿದ ಮಾತು ನೆನಪಾಯಿತು. ಕೈ ಇಳಿಸಿದೆ, ಅವನ ಮಣಿಕಟ್ಟನ್ನೂ ಬಿಟ್ಟೆ.

ಕಫೀಲ್ ಬೆವರಿಗೆ ಮಸುಕಾದ ಕನ್ನಡಕ ತೆಗೆದು ಜೇಬಿಗಿಟ್ಟು, ಗುರಿ ಹಿಡಿದು, ಕುದುರೆ ಎಳೆದ.

ಪ್ರೈಮರ್ ಕಿತ್ತುಕೊಂಡು ಹಿಂದಕ್ಕೆ ಬಂತು. ಬೋಲ್ಟಿನ ಸಂದಿಯಿಂದ ಬೆಂಕಿ, ಲೋಹದ ಚೂರು ಎಲ್ಲ ಅವನ ಮುಖಕ್ಕೇ ನುಗ್ಗಿತು. ಮೊಣಕಾಲೂರಿ ಬಿದ್ದ. ಮುಖ ಮುಚ್ಚಿದ ಬೆರಳ ಸಂದಿಗಳಿಂದ ರಕ್ತ ಹರಿದು ಬಿಳಿ ನಿಲುವಂಗಿ ದಿಶ್ದಾಶದ ಎದೆಯೆಲ್ಲ ಕೆಂಪಾಯಿತು. ಅವನು ಅರಚಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

"ಯಾಕೆ ತಡೀಲಿಲ್ಲ? ನಿಂಗೆ ಗೊತ್ತಿತ್ತಲ್ಲ!" ಎಂದು ತಮ್ಮ ನನ್ನ ಕೆನ್ನೆಗೆ ಬಾರಿಸಿದ. ನನ್ನ ಕೊರಳು ಹಿಸುಕಿದ ಅದೇ ಕೈ! ಈ ಸಲ ನಾನು ಯೋಚಿಸಲಿಲ್ಲ. ಅವನ ಮೂಗಿಗೆ ಬಿಟ್ಟೆ. ಮೂಗು ಮುರಿದದ್ದು ಮುಷ್ಟಿಗೇ ತಿಳಿಯಿತು, ಸಮಾಧಾನವೂ ಆಯಿತು. ಆಮೇಲೆ ಇಬ್ಬರೂ ಸೇರಿ ಕಫೀಲನನ್ನು ಪಿಕಪ್ಪಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿಸಿದೆವು.

ಅವನ ಬಲಗಣ್ಣು ಹೋಯಿತು. ಕೆಲಸದಿಂದ ತೆಗೆಯುತ್ತಾನೆ, ಪೊಲೀಸಿಗೆ ಕೊಡುತ್ತಾನೆ ಎಂದೆಲ್ಲ ಅಂದುಕೊಂಡು ನೋಡಲು ಹೋದೆ. ತಮ್ಮ ಮೂಗಿಗೆ ಪಟ್ಟಿ ಹಾಕಿಕೊಂಡು ಮೂಲೆಯಲ್ಲಿ ಕೂತಿದ್ದ, ತಲೆ ಎತ್ತಲಿಲ್ಲ. ಕಫೀಲ್ ಮೊದಲು ಕೇಳಿದ್ದೇ, "ಪ್ರೈಮರ್ ಹೇಗಿತ್ತು?"

"ಇರ್ಲೇ ಇಲ್ಲ ಅರ್ಬಾಬ್. ತೂತು ಮಾತ್ರ."

ಕೈ ಚಾಚಿದ. ಆ ದಿನ ರೈಫಲಿನಿಂದ ತೆಗೆದು ಜೇಬಿನಲ್ಲಿಟ್ಟುಕೊಂಡಿದ್ದ ಎರಡನೇ ತೋಟಾವನ್ನು ಅವನ ಅಂಗೈಯಲ್ಲಿಟ್ಟೆ. ಹೆಬ್ಬೆರಳಿನಿಂದ ಆ ತೂತನ್ನು ತುಂಬಾ ಹೊತ್ತು ಸವರಿದ.

"ನೀನು ಕೈ ಎತ್ತಿದ್ದು ನೋಡಿದೆ. ಯಾಕೆ ಇಳಿಸಿದೆ?"

"ನೀವು ಕಫೀಲ್."

ನನಗೆ ಅಳು ಬಂತು. ಅವನು ತೋಟಾವನ್ನು ವಾಪಸು ನನ್ನ ಕೈಗೆ ಕೊಟ್ಟ.

"ಇನ್ನೊಂದು ಕಣ್ಣಿದೆ," ಎಂದ. "ಮುಂದಿನ ಸಲ ಮಾತಾಡ್ಬೇಡ. ಹೊಡಿ."