ಜೋಳದ ರಾಶಿಗೆ ಕೈ ಹಾಕಿದವಳು

ಫೆಬ್ರುವರಿ ಒಂಬತ್ತು, ಭಾನುವಾರ, ಬೆಳಿಗ್ಗೆ ೬.೪೦.

ಆ ಜೋಳದ ರಾಶಿಗೆ ಕೈ ಹಾಕಿದವಳು ನಾನು. ಹಾಕಿದ್ದಷ್ಟೇ ಅಲ್ಲ—ಒಂದು ಹಿಡಿ ತೆಗೆದೆ, ಊದಿದೆ, ಎರಡು ಕಾಳು ಬಾಯಿಗೆ ಹಾಕಿಕೊಂಡು ಅಗಿದೆ. ಆಮೇಲೆ ನನ್ನದೇ ಕೈ ಮಾಡಿದ ತಗ್ಗಿನ ಮೇಲೆ ಆರು ಪುಟದ ಪ್ರಬಂಧ ಬರೆದು, ನಮ್ಮ ಕಾಲೇಜಿನ ಇದೇ ವಾರ್ಷಿಕ ಸಂಚಿಕೆಯಲ್ಲಿ ಅಚ್ಚು ಮಾಡಿಸಿ, ಮೊದಲ ಬಹುಮಾನವನ್ನೂ ತೆಗೆದುಕೊಂಡೆ. ಇಷ್ಟೇ ಆಗಿದ್ದರೆ ನಗುತ್ತಾ ಹೇಳಿ ಮುಗಿಸಬಹುದಿತ್ತು. ಆದರೆ ಅಂದು ಇದ್ದದ್ದನ್ನು ಇದ್ದಂತೆ ಹೇಳಿದವಳು ಒಬ್ಬಳಿದ್ದಳು. ಅವಳನ್ನು ನೋಡಿ ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವಳು ಹಸೀನಾ. ಶಿರಹಟ್ಟಿಯ ಬಳೆ ಅಂಗಡಿಯ ಮನೆಯವಳು. ನನ್ನ ತರಗತಿಯವಳು, ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕದ ಸೀಟು ಬಿಡುವವಳು. ನಾನು ಲಕ್ಷ್ಮೇಶ್ವರದವಳು, ಸುಮಿತ್ರಾ. ಅಪ್ಪನದು ಕಾಳಿನ ದಲಾಲಿ ಅಂಗಡಿ. ಇಬ್ಬರೂ ಗದುಗಿಗೆ ಬಂದು ಚಿತ್ರಕಲೆ ಓದುತ್ತಿದ್ದೇವೆ.

ಎರಡು ವರ್ಷದ ಹಿಂದೆ, ಡಿಸೆಂಬರಿನಲ್ಲಿ, ಕಲಾ ಇತಿಹಾಸ ಹೇಳುವ ನಮ್ಮ ಸರ್ ಇಡೀ ತರಗತಿಯನ್ನು ರೈಲು ಹತ್ತಿಸಿ ಬೆಂಗಳೂರಿನ ಮ್ಯೂಸಿಯಮ್ಮುಗಳಿಗೆ ಕರೆದುಕೊಂಡು ಹೋದರು. ಆಧುನಿಕ ಕಲೆಯನ್ನು ನಾವು ಪುಸ್ತಕದಲ್ಲಿ ಅಂಚೆ ಚೀಟಿಯ ಅಳತೆಯಲ್ಲಿ ಮಾತ್ರ ನೋಡಿದ್ದೆವು. ಊರಿಗೆ ಮರಳಿದ ಮೇಲೆ ಪ್ರತಿಯೊಬ್ಬರೂ ತಮಗಿಷ್ಟವಾದ ಒಂದು ಕೃತಿಯ ಬಗ್ಗೆ ‘ನನ್ನ ಪ್ರತಿಕ್ರಿಯೆ’ ಬರೆಯಬೇಕಿತ್ತು.

ನನಗೆ ಎಣಿಸುವ ಚಟ. ಪುಟದಲ್ಲಿ ಮೂರು ಗೆರೆ ಎಳೆದುಕೊಂಡು ಹೋಗಿದ್ದೆ—ಇಷ್ಟವಾದದ್ದು, ಆಗದ್ದು, ತಿಳಿಯದ್ದು. ಮೊದಲ ದಿನದ ಸಂಜೆಗೆ ಇಷ್ಟವಾದದ್ದು ಒಂಬತ್ತು, ಆಗದ್ದು ಹನ್ನೊಂದು, ತಿಳಿಯದ್ದು ಮೂವತ್ತನಾಲ್ಕು. ತಿಳಿಯದ್ದರ ಮುಂದೆ ಗದ್ದಕ್ಕೆ ಕೈ ಕೊಟ್ಟು, ಪಕ್ಕದ ಚೀಟಿಯಲ್ಲಿ ಏನು ಬರೆದಿದೆ ಎಂದು ಓರೆಗಣ್ಣಲ್ಲಿ ಓದಿ, ಆಮೇಲೆ ನಿಧಾನಕ್ಕೆ ತಲೆದೂಗುವುದನ್ನು ಕಲಿತಿದ್ದೆ. ಹಸೀನಾಗೆ ಗೆರೆಯೂ ಬೇಡ, ಚೀಟಿಯೂ ಬೇಡ. ಗೋಡೆಯುದ್ದದ ಕಪ್ಪು ಕ್ಯಾನ್ವಾಸೊಂದರ ಮುಂದೆ ನಿಂತವಳೇ, “ಇದು ನಮ್ಮ ಅಬ್ಬಾನ ಸಿಟ್ಟು ನೋಡ. ಮಾತಿಲ್ಲ ಕತಿ ಇಲ್ಲ, ಬರೇ ಬಾಗಲಕ್ಕ ಅಡ್ಡ ನಿಂತಿರತೈತಿ” ಎಂದಳು. ಬಿಳಿಯ ನಡುವೆ ಒಂದೇ ಕೆಂಪು ಚುಕ್ಕೆ ಇದ್ದ ಚಿತ್ರಕ್ಕೆ, “ಯವ್ವಾ, ಇಷ್ಟ ದೊಡ್ಡ ಮನ್ಯಾಗ ಒಬ್ಬಾಕಿನ ಅದಾಳ” ಎಂದಳು. ಅವಳು ಹಾಗೆಂದ ಮೇಲೆ ಆ ಚಿತ್ರ ನನಗೆ ಬೇರೆ ಥರ ಕಾಣಲೇ ಇಲ್ಲ. ಇಂದಿಗೂ.

ಎರಡನೆಯ ದಿನ, ಮಹಡಿಯ ಮೇಲಿನ ಬಿಳಿ ಕೋಣೆ. ಉಳಿದವರು ಕೆಳಗಿನ್ನೂ ಚಹಾ ಕುಡಿಯುತ್ತಿದ್ದರು. ಎಣಿಕೆ ಹಿಂದೆ ಬೀಳಬಾರದೆಂದು ನಾನೊಬ್ಬಳೇ ಮೇಲೆ ಬಂದಿದ್ದೆ. ಬಿಳಿ ನೆಲದ ಮೇಲೆ ಸೊಂಟದೆತ್ತರ ಜೋಳದ ರಾಶಿ. ಮೇಲಿಂದ ಒಂದೇ ದೀಪ. ಸುತ್ತ ನೆಲದ ಮೇಲೆ ಒಂದು ಗೆರೆ—ದಾಟಬಾರದು ಎಂಬುದಕ್ಕೆ. ಕಾವಲಿನವರು ಪಕ್ಕದ ಕೋಣೆಯಲ್ಲಿ ಫೋಟೊ ತೆಗೆಯುತ್ತಿದ್ದ ಯಾರನ್ನೋ ಗದರಿಸಲು ಹೋಗಿದ್ದರು.

ಅದೆಷ್ಟು ಖುಷಿಯಾಯಿತೋ! ಎರಡು ದಿನದಲ್ಲಿ ಮೊದಲ ಸಲ ನನಗೆ ಗೊತ್ತಿರುವುದೊಂದು ಕಂಡಿತ್ತು. ಲಕ್ಷ್ಮೇಶ್ವರದಲ್ಲಿ ಕಾಳನ್ನು ಯಾರೂ ಮೇಲಿನಿಂದ ನೋಡುವುದಿಲ್ಲ. ಮೇಲಿನದು ತೋರಿಸುವ ಕಾಳು. ಒಳಗಿನದು ನಿಜವಾದ ಕಾಳು. ಮೊಣಕೈ ತನಕ ಕೈ ಇಳಿಸಿ, ತಳದಿಂದ ಒಂದು ಹಿಡಿ ಎತ್ತಿ, ಅಂಗೈಯಲ್ಲಿ ಹರಡಿ, ಊದಿ, ಒಂದೆರಡು ಕಾಳು ಕಡಿದು ನೋಡಿದರೆ ಮಾತ್ರ ನೋಡಿದ ಹಾಗೆ. ನಡೆಯಲು ಕಲಿತ ದಿನದಿಂದ ಅಪ್ಪನ ಪಕ್ಕ ನಿಂತು ಇದನ್ನು ಮಾಡಿದ್ದೇನೆ. ಇಲ್ಲಿಯೂ ಕೈ ತಾನೇ ಹೋಯಿತು—ಹೋಯಿತು ಅನ್ನಬಾರದು, ಹಾಕಿದೆ. ಕಡಿದೆ. ಹಳೆಯ ಜೋಳ, ಹೋದ ವರ್ಷದ್ದು ಅಂದುಕೊಂಡೆ. ಆಮೇಲೆ ದೀಪ ನೋಡಿದೆ. ಗೆರೆ ನೋಡಿದೆ. ಗೆರೆಯ ಒಳಗಿದ್ದ ನನ್ನ ಚಪ್ಪಲಿ ನೋಡಿದೆ.

ಹಿಡಿಯಲ್ಲಿದ್ದದ್ದನ್ನು ವಾಪಸು ಸುರಿದೆ. ತಗ್ಗು ಮುಚ್ಚಲಿಲ್ಲ, ರಾಶಿ ಇನ್ನಷ್ಟು ಜಾರಿ ಅಗಲವಾಯಿತು. ಬಾಯಲ್ಲಿದ್ದದ್ದನ್ನು ಉಗುಳಲು ಜಾಗವಿರಲಿಲ್ಲ. ನುಂಗಿದೆ. ಮೆಟ್ಟಿಲಿಳಿದು ಎಲ್ಲರೊಂದಿಗೆ ಸೇರಿ, ಈಗಷ್ಟೇ ಬರುವವಳಂತೆ ಮತ್ತೆ ಮೇಲೆ ಹತ್ತಿದೆ.

ಸರ್ ರಾಶಿಯ ಮುಂದೆ ನಿಂತುಬಿಟ್ಟರು. ಕನ್ನಡಕ ತೆಗೆದು ಒರೆಸಿಕೊಂಡರು. “ಯಾರೂ ಮಾತಾಡಬ್ಯಾಡ್ರಿ. ಈ ತಗ್ಗ ನೋಡ್ರಿ. ಇಡೀ ರಾಶಿ ಇರೂದು ಈ ತಗ್ಗಿನ ಸಲುವಾಗಿ! ಇಷ್ಟ ತುಂಬಿದ್ರೂ ಒಂದ ಕಡೆ ಖಾಲಿ. ಇಲ್ಲಿ ಇಲ್ಲದವರ ಕೈ ಐತಿ.”

ಇದ್ದವಳ ಕೈ ನನ್ನ ದುಪಟ್ಟಾದ ಒಳಗೆ ಧೂಳು ಒರೆಸಿಕೊಳ್ಳುತ್ತಿತ್ತು.

ಆಗ ಹಸೀನಾ ಅಂದಳು, “ಸರ್, ಯಾರೋ ಕೈ ಹಾಕಿ ನೋಡ್ಯಾರ್ರಿ. ಲಕ್ಷ್ಮೇಶ್ವರದ ಸಂತ್ಯಾಗ ಜ್ವಾಳಾ ಹಿಂಗ ನೋಡತಾರ್ರಿ.”

ಹುಡುಗರು ಹೋ ಎಂದರು. “ಕೇಜಿಗೆ ಎಷ್ಟ ಅಂತ ಕೇಳಲೇ ಹಸೀನಾ!” ಎಂದ ಒಬ್ಬ. “ಚೀಲಾ ತಂದೀಯೇನ?” ಎಂದ ಇನ್ನೊಬ್ಬ. ಸರ್ ಬೈಯಲಿಲ್ಲ, ಕನಿಕರದಿಂದ ನೋಡಿದರು. ಅದು ಬೈಗುಳಕ್ಕಿಂತ ಕೆಟ್ಟದ್ದಾಗಿತ್ತು. “ಇದು ಸಂತಿ ಅಲ್ಲವ್ವಾ ಹಸೀನಾ. ಇಲ್ಲಿ ಕಣ್ಣಿಲೆ ಅಲ್ಲ, ಮನಸಿಲೆ ನೋಡಬೇಕು.”

ಅವಳು ನನ್ನ ಕಡೆ ತಿರುಗಿದಳು. “ಸುಮಿ, ನೀನರ ಹೇಳ. ನಿಮ್ಮಪ್ಪಾರು ಹಿಂಗ ನೋಡಂಗಿಲ್ಲೇನು?”

“ಇಲ್ಲಪಾ,” ಎಂದೆ. “ನಮ್ಮ ಅಂಗಡ್ಯಾಗ ಹಂಗ ಮಾಡಂಗಿಲ್ಲ.”

ಆ ಒಂದು ಮಾತು. ಮಿಕ್ಕ ಯಾವುದಕ್ಕಾದರೂ ಗಾಬರಿಯ ಹೆಸರು ಕೊಟ್ಟೇನು—ಇದಕ್ಕೆ ಇಲ್ಲ. ಅವಳಿಗೆ ಇಡೀ ಕೋಣೆಯಲ್ಲಿ ಇದ್ದ ಒಬ್ಬಳೇ ಸಾಕ್ಷಿ ನಾನು. ಮತ್ತು ನನ್ನ ಹಲ್ಲಿನ ಸಂದಿಯಲ್ಲಿ ಆಗಲೂ ಜೋಳದ ಸಿಪ್ಪೆಯಿತ್ತು.

ಊರಿಗೆ ಬಂದು ಆ ತಗ್ಗಿನ ಬಗ್ಗೆಯೇ ಬರೆದೆ. ಬೇರೆ ಯಾವುದರ ಬಗ್ಗೆ ಬರೆದರೂ ಅನುಮಾನ ಬಂದೀತೆಂಬ ಹುಚ್ಚು ಲೆಕ್ಕ. ‘ಗೈರುಹಾಜರಿ’ ಎಂಬ ಪದವನ್ನು ಹದಿನೇಳು ಸಲ ಬಳಸಿದ್ದೇನೆ, ಈಗ ಎಣಿಸಿದೆ. ಸರ್ ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರು. ಹಸೀನಾ ಒಂದೂವರೆ ಪುಟ ಬರೆದಿದ್ದಳು—ಯಾರೋ ಕಾಳಿನ ಗುಣ ಪಾರಖಿ ಮಾಡುವವರು ತಮ್ಮ ಊರು ನೆನಪಾಗಿ ಕೈ ಹಾಕಿರಬೇಕು, ಅವರಿಗೆ ಆ ಕ್ಷಣ ಎಷ್ಟು ಸಂತೋಷವಾಗಿರಬೇಕು, ಆಮೇಲೆ ಎಷ್ಟು ಭಯವಾಗಿರಬೇಕು ಎಂದು. ಪ್ರತಿ ಸಾಲೂ ನನ್ನ ಕಥೆಯೇ. ಅವಳಿಗೆ ತರಗತಿಯಲ್ಲೇ ಎಲ್ಲರಿಗಿಂತ ಕಡಿಮೆ ಅಂಕ ಬಂತು. ನನಗೆ ಬಹುಮಾನ ಬಂದಾಗ ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದವಳೂ ಅವಳೇ.

ಅಂಕ ಹೋದರೆ ಹೋಗಲಿ, ಇನ್ನೊಂದು ಹೋಯಿತು. ಹೋದ ತಿಂಗಳು ಮತ್ತೆ ಬೆಂಗಳೂರಿಗೆ ಹೋಗಿದ್ದೆವು. ಹಸೀನಾ ಪ್ರತಿ ಚಿತ್ರದ ಮುಂದೆ ಮೊದಲು ಬಗ್ಗಿ ಚೀಟಿ ಓದಿದಳು, ಆಮೇಲೆ ತಲೆಯೆತ್ತಿದಳು. ಹಳದಿಯೇ ಹಳದಿಯಾದ ಒಂದು ದೊಡ್ಡ ಚಿತ್ರದ ಮುಂದೆ ನನ್ನ ಕಿವಿಯಲ್ಲಿ ಕೇಳಿದಳು, “ಸುಮಿ, ಇದಕ್ಕ ಏನ ಅನಬೇಕ?” ಅಬ್ಬಾನ ಸಿಟ್ಟನ್ನು ಗೋಡೆಯ ಮೇಲೆ ಕಂಡ ಹುಡುಗಿ—ನನ್ನನ್ನು ಕೇಳಿದಳು. ಅವತ್ತು ನನ್ನ ಮೂರು ಗೆರೆಯ ಪುಟ ಹಾಗೇ ಖಾಲಿ ಉಳಿಯಿತು.

ಕೊನೆಯ ವರ್ಷದ ಪ್ರದರ್ಶನಕ್ಕೆ ಹಸೀನಾ, ಸ್ವಂತ ಚಿತ್ರ ಬಿಡಿಸುವುದಿಲ್ಲ, ಸೋಮೇಶ್ವರ ಗುಡಿಯ ಕಂಬಗಳನ್ನು ಇದ್ದಂತೆ ಬರೆಯುತ್ತೇನೆ ಎಂದು ಹೆಸರು ಕೊಟ್ಟಿದ್ದಾಳೆ. ಯಾಕೆ ಎಂದು ಕೇಳಿದ್ದಕ್ಕೆ, “ಕಂಬ ಇದ್ದಂಗ ಬರದ್ರ ಯಾರೂ ನಗಂಗಿಲ್ಲ” ಎಂದಳು. ಬದಲಾಯಿಸಲು ಈ ಮಂಗಳವಾರ ಕಡೆಯ ದಿನ.

ಹಾಗಾಗಿ ನಿನ್ನೆ ಸಂಜೆ ಗುಡಿಗೆ ಹೋದೆ. ಕಂಬದ ಬುಡದಲ್ಲಿ ಹಾಳೆ ಹಾಸಿಕೊಂಡು ಕೂತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ.

ಪೆನ್ಸಿಲ್ ಕೆಳಗಿಟ್ಟಳು. “ನೀ? ಖರೆ?”

“ಖರೆ.”

“ತಿಂದೇನ?”

“ಎರಡ ಕಾಳ.”

“ಹೆಂಗಿತ್ತ?”

“ಹಳೇದಿತ್ತ.”

ನಗಲು ಶುರು ಮಾಡಿದಳು ನೋಡಿ—ಹೊಟ್ಟೆ ಹಿಡಿದುಕೊಂಡು, ಕಂಬಕ್ಕೆ ತಲೆ ಆನಿಸಿ. “ಇಲ್ಲದವರ ಕೈ ಅಂತ ಇಲ್ಲದವರ ಕೈ! ಇದ್ದಾಕಿ ಬಹುಮಾನ ತಗೊಂಡ ಹ್ವಾದ್ಲು! ಮ್ಯೂಸಿಯಮ್ಮಿನಾಗಿನ ಜ್ವಾಳಾ ತಿಂದಾಕಿ ನೀ ಒಬ್ಬಾಕಿನ ಇರಬೇಕ ನಮ್ಮವ್ವ!” ನಾನೂ ನಕ್ಕೆ, ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡ ಮೇಲೆ ಅವಳ ಮುಖ ನಿಧಾನಕ್ಕೆ ಬದಲಾಯಿತು.

“ನಕ್ಕಿದ್ದ ಬಿಡ. ಎಲ್ಲಾರೂ ನಕ್ಕರು. ಆದರ ನಿಮ್ಮ ಅಂಗಡ್ಯಾಗ ಹಂಗ ಮಾಡಂಗಿಲ್ಲ ಅಂದಿ ನೋಡ, ಅವತ್ತ ನಾ...” ಪೆನ್ಸಿಲ್ ಎತ್ತಿಕೊಂಡಳು, ಬರೆಯಲಿಲ್ಲ. ಆಮೇಲೆ ನನಗಲ್ಲ, ಕಂಬಕ್ಕೆ ಹೇಳಿದಂತೆ ಅಂದಳು: “ಅಂದ್ರ ನನಗ ಕಂಡಿದ್ದು ಖರೇನ ಇತ್ತ.”

ಕ್ಷಮಿಸು ಎಂದೆ. “ಆ ಪ್ರಬಂಧ ಅಚ್ಚಾದ ಕಡೇನ ಇದೂ ಅಚ್ಚಾಗಲಿ. ಸರ್ ಓದಲಿ,” ಎಂದಷ್ಟೇ ಹೇಳಿದಳು.

ಅದಕ್ಕೇ ಇದು. ಸರ್, ನಿಮ್ಮನ್ನು ನಂಬಿಸಿದ್ದು ನಾನು. ಬಹುಮಾನವನ್ನು ನಾಳೆ ನಿಮ್ಮ ಮೇಜಿನ ಮೇಲೆ ಇಡುತ್ತೇನೆ. ಪ್ರಬಂಧದ ಕೆಳಗೆ ನನ್ನ ಹೆಸರಿದೆ, ತಗ್ಗಿನ ಕೆಳಗೂ ಇರಬೇಕಿತ್ತು. ಮಂಗಳವಾರ ಹಸೀನಾ ಏನು ಮಾಡುತ್ತಾಳೋ ಗೊತ್ತಿಲ್ಲ. ಕೇಳಿಲ್ಲ. ಅವಳು ಏನು ನೋಡಬೇಕು, ಏನು ಬರೆಯಬೇಕು ಎಂಬುದರಲ್ಲಿ ನಾನು ಬಾಯಿ ಹಾಕಿದ್ದು ಸಾಕು.

ಆ ರಾಶಿಯನ್ನು ಮಾಡಿದ ಕಲಾವಿದರ ಹೆಸರನ್ನೂ ಬರೆದುಕೊಳ್ಳದೆ ಓಡಿದವಳು ನಾನು. ಅವರು ಯಾರು, ಆ ತಗ್ಗನ್ನು ನೋಡಿ ಏನೆಂದರು, ಕಾವಲಿನವರಿಗೆ ನನ್ನಿಂದ ಬೈಗುಳ ಬಿತ್ತೇ, ರಾಶಿಯನ್ನು ಮತ್ತೆ ಸರಿ ಮಾಡಿದರೋ ಹಾಗೇ ಬಿಟ್ಟರೋ—ಆ ಚಳಿಗಾಲ ಆ ಬಿಳಿ ಕೋಣೆಗೆ ಹೋದವರು, ತಿಳಿದವರು ಯಾರಾದರೂ ಇದ್ದರೆ ದಯವಿಟ್ಟು ಈ ಸಂಚಿಕೆಗೆ ಬರೆಯಿರಿ. ನನ್ನ ಹೆಸರಿಗೆ ಬೇಡ, ಹಸೀನಾಳ ಹೆಸರಿಗೆ ಬರೆಯಿರಿ. ಅದನ್ನು ಸರಿಯಾಗಿ ನೋಡಿದವಳು ಅವಳು.