ಗೌರೀಶಂಕರನ ಮಂಗನ ಮಿಷನ್

ಸವಣೂರಿನ ಗೌರೀಶಂಕರನಿಗೆ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಎಪ್ಪತ್ತರ ದಶಕದಲ್ಲಿ ಅಲ್ಲೇ ಹತ್ತಿರದ ಕಡಬದ ಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವನು, ಸೆಟ್ಟಿನ ಹೊಟ್ಟೆ ಬಿಚ್ಚುತ್ತ ಅದನ್ನು ಮಾಡಿದ ಕಂಪೆನಿಯ ಜಾತಕವನ್ನೂ ಬಿಚ್ಚುತ್ತಿದ್ದ. ಗಿರಾಕಿಗೆ ಬೇಕಾದದ್ದು ಪ್ರದೇಶ ಸಮಾಚಾರ, ಇವನು ಕೊಡುತ್ತಿದ್ದದ್ದು ಆ ಕಂಪೆನಿ ಹುಟ್ಟಿದ ಹಾಲೆಂಡಿನ ಸಮಾಚಾರ.

ಎಂಬತ್ತೈದರಲ್ಲಿ ಮಂಗಳೂರಿನಿಂದ ಒಂದು ಹಳೆಯ ವಿಡಿಯೋ ಗೇಮಿನ ಪೆಟ್ಟಿಗೆ ತಂದು ಅಂಗಡಿಯಲ್ಲಿ ನಿಲ್ಲಿಸಿದ. ಪರದೆಯ ಮೇಲೆ ತೆಂಗಿನ ಮರ, ಮರದಲ್ಲಿ ಮಂಗ. ಅದು ಕಾಯಿ ಕೀಳುವ ಮೊದಲು ಗುಂಡಿ ಒತ್ತಿ, ಕಲ್ಲೆಸೆದು ಓಡಿಸಬೇಕು. ಕಡಬಕ್ಕೆ ಇದಕ್ಕಿಂತ ಹೊಂದುವ ಆಟವನ್ನು ಯಾರೂ ಬೇಕೆಂದರೂ ಮಾಡಲಾರರು. ಶಾಲೆ ಬಿಟ್ಟವರು, ಬಸ್ಸು ತಪ್ಪಿದವರು, ಬೇಕೆಂದೇ ಬಸ್ಸು ತಪ್ಪಿಸಿಕೊಂಡವರು ಎಲ್ಲರೂ ಅಲ್ಲೇ. ಗೌರೀಶಂಕರನಿಗೆ ಬದುಕಿನಲ್ಲಿ ಅಷ್ಟು ಖುಷಿ ಹಿಂದೆಂದೂ ಆಗಿರಲಿಲ್ಲ.

ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಎಲ್ಲೋ ಪತ್ರಿಕೆಯಲ್ಲಿ ಓದಿದ್ದು ಅವನ ಹೊಟ್ಟೆಯಲ್ಲಿ ನಿಲ್ಲಲಿಲ್ಲ.

"ಇಂಥ ಆಟ ಮಾಡುವ ಒಂದು ಜಪಾನ್ ಕಂಪೆನಿ ಉಂಟಲ್ಲ, ಅವರು ಮೊದಲು ಮಾಡಿಕೊಂಡಿದ್ದದ್ದು ಎಂತ ಗೊತ್ತುಂಟಾ? ಇಸ್ಪೀಟು ಎಲೆ ಮಾರಾಯ್ರೆ!" ಎಂದು ಸಿಕ್ಕಿದವರಿಗೆಲ್ಲ ಹೇಳಿದ.

ಮಾತು ಪೇಟೆ ದಾಟುವಷ್ಟರಲ್ಲಿ, ಗೌರೀಶಂಕರನ ಅಂಗಡಿಯಲ್ಲಿ ಇಸ್ಪೀಟು ನಡೆಯುತ್ತದಂತೆ ಎಂದಾಗಿತ್ತು. ಅದು ಕಟ್ಟಡದ ಯಜಮಾನ ಐಪ್ ಚೇಟರ ಕಿವಿಗೆ ಬಿತ್ತು. ಕೇರಳದಿಂದ ಬಂದು ರಬ್ಬರು, ತೆಂಗು ಬೆಳೆಸಿದ ಕಟ್ಟುನಿಟ್ಟಿನ ಮನುಷ್ಯ ಅವರು; ಚೇಟ ಎಂದರೆ ಆ ಕಡೆಯವರ ಮಾತಿನಲ್ಲಿ ಅಣ್ಣ. ನೆಟ್ಟಗೆ ಅಂಗಡಿಗೆ ಬಂದರು.

"ನನ್ನ ಕಟ್ಟಡದಲ್ಲಿ ಜೂಜು ಬೇಡ. ಆದಿತ್ಯವಾರದ ಒಳಗೆ ಈ ಮಿಷನ್ ಹೋಗ್ಬೇಕು. ಇಲ್ಲದಿದ್ರೆ ನೀನೂ ಹೋಗು."

ಗೌರೀಶಂಕರ ಹಿಂದೆಯೇ ಓಡಿದ. "ಜೂಜಲ್ಲ ಐಪ್ ಚೇಟ, ಮಂಗ ಓಡಿಸುದು ಅಷ್ಟೆ. ಒಮ್ಮೆ ನೋಡಿ."

ಮಂಗ ಎಂದದ್ದೇ ತಡ, ಹೊರಟಿದ್ದ ಐಪ್ ಚೇಟ ತಿರುಗಿ ನಿಂತರು. ಆ ವರ್ಷ ಅವರ ತೋಟದ ಎಳನೀರಿನ ಬೊಂಡವನ್ನೆಲ್ಲ ಮಂಗಗಳೇ ಕುಡಿದು ಮುಗಿಸಿದ್ದವು. ಕನ್ನಡಕ ಏರಿಸಿ ಗುಂಡಿ ಒತ್ತಿದರು. ಮಂಗ ತಪ್ಪಿಸಿಕೊಂಡಿತು. ಮತ್ತೆ ಒತ್ತಿದರು. ಅದು ಕಾಯಿ ಕಿತ್ತು ಹಲ್ಲು ಕಿರಿಯಿತು. ಐಪ್ ಚೇಟರಿಗೆ ತಾನೆಲ್ಲಿದ್ದೇನೆಂಬುದೇ ಮರೆತುಹೋಯಿತು. ತೋಟದಲ್ಲಿ ಮಂಗ ಓಡಿಸಲು ಹಾಕುವ ಹಾಗೆ, ಗಂಟಲು ಹರಿಯುವಂತೆ ಕೂ ಹಾಕಿದರು.

ನಮ್ಮ ಕಡೆ ಒಬ್ಬರು ಕೂ ಹಾಕಿದರೆ ಕೇಳಿದವರೂ ಕೂ ಹಾಕಿ ಓಡಿ ಬರಬೇಕು, ಅದು ಕ್ರಮ. ಎದುರಿನ ದಿನಸಿ ಅಂಗಡಿಯ ಉಸ್ಮಾನ್ ದೊಣ್ಣೆ ಹಿಡಿದು ಬಂದ. ತರಕಾರಿ ಮಾರುವ ದುಗ್ಗಮ್ಮ ಬುಟ್ಟಿ ಬಿಟ್ಟು ಕಲ್ಲು ಹಿಡಿದು ಬಂದಳು. ಹಿಂದಿನಿಂದ ಅರ್ಧ ಪೇಟೆ, ಜೊತೆಗೆ ಪೇಟೆಯ ನಾಯಿಗಳು.

"ಎಲ್ಲುಂಟು ಮಂಗ?" ದುಗ್ಗಮ್ಮ ಏದುಸಿರು ಬಿಡುತ್ತ ಕೇಳಿದಳು.

ಐಪ್ ಚೇಟರ ಮುಖ ಕೆಂಪಗಾಯಿತು. ಮಿಷನ್ ತೆಗೆಸಲು ಬಂದವರ ಕೈ ಇನ್ನೂ ಗುಂಡಿಯ ಮೇಲೆಯೇ ಇತ್ತು.

"ಇದರೊಳಗೆ ಉಂಟು," ಎಂದರು ಐಪ್ ಚೇಟ ಕೊನೆಗೆ, "ಕಳ್ಳ ಮಂಗ!"

ಅಂಗಡಿಯೇ ಹಾರಿಹೋಗುವಂತೆ ಜನ ನಕ್ಕರು. ಐಪ್ ಚೇಟರೂ ನಕ್ಕರು. ಆಮೇಲೆ ಗೌರೀಶಂಕರನಿಗೆ ಗಂಭೀರವಾಗಿ ಹೇಳಿದರು: "ಇದನ್ನು ಪೂರಾ ಓಡಿಸುವವರೆಗೆ ಮಿಷನ್ ಇಲ್ಲೇ ಇರ್ಲಿ. ನಾನು ದಿನಾ ಬರ್ತೇನೆ."

ಆ ಮಂಗ ಪೂರಾ ಓಡುವುದೆಂಬುದೇ ಇಲ್ಲ. ಓಡಿಸಿದಷ್ಟೂ ಇನ್ನೂ ಜೋರಾಗಿ ತಿರುಗಿ ಬರುವ ಹಾಗೆಯೇ ಕಂಪೆನಿಯವರು ಆಟ ಕಟ್ಟಿದ್ದರು. ಆ ಮಾತು ಗೌರೀಶಂಕರನ ನಾಲಿಗೆಯ ತುದಿಯವರೆಗೆ ಬಂತು. ಹುಟ್ಟಿದ ಮೇಲೆ ಮೊದಲ ಬಾರಿಗೆ ಅವನು ಬಾಯಿ ಮುಚ್ಚಿಕೊಂಡ.