ಹೊಗೆಸೊಪ್ಪಿನ ಮಡಿಯಲ್ಲಿ ಆಮೆ ಮೊಟ್ಟೆ

ಕಡಲಾಮೆಗಳನ್ನು ಕಾಯುವುದು ಹೇಗೆಂದು ಮಕ್ಕಳಿಗೆ ಕಲಿಸಲು ನನಗೆ ಮೈಸೂರಿನಲ್ಲಿ ತರಬೇತಿ ಕೊಟ್ಟರು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಹನಗೋಡಿನ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಅಲ್ಲಿಂದ ಸಮುದ್ರಕ್ಕೆ ಹೋಗಬೇಕಾದರೆ ಕೊಡಗು ದಾಟಿ, ಘಟ್ಟ ಇಳಿದು, ಕೇರಳದವರನ್ನು ದಾರಿ ಕೇಳಬೇಕು. ಇದನ್ನು ಎದ್ದು ನಿಂತು ಹೇಳಿದೆ. ಊಟಕ್ಕೆ ಹೊತ್ತಾಯಿತು ಅಂದರು. ಒಂದು ದೊಡ್ಡ ಚಾರ್ಟ್ ಸುತ್ತಿ ಕೈಗೆ ಕೊಟ್ಟು ಕಳಿಸಿದರು. ಬಸ್ಸಿನಲ್ಲಿ ಚಾರ್ಟಿಗೆ ಯಾರದೋ ತೊಡೆಯ ಮೇಲೆ ಜಾಗ ಸಿಕ್ಕಿತು, ನನಗೆ ಸಿಗಲಿಲ್ಲ.

ಆದರೂ ಕಲಿಸಿದೆ. ತಾಯಿ ಆಮೆ ದಡದ ಮರಳಿನಲ್ಲಿ ಮೊಟ್ಟೆಯಿಟ್ಟು ಹೋಗಿಬಿಡುತ್ತದೆ, ಆಮೇಲೆ ಕಾಯಬೇಕಾದವರು ನೀವು, ನಾಯಿ ಕಾಗೆಗಳನ್ನು ಓಡಿಸಬೇಕು, ಮರಿಗಳನ್ನು ಎತ್ತಿಕೊಳ್ಳಬಾರದು, ಅವೇ ನಡೆದು ನೀರು ಸೇರಬೇಕು, ಒಂದನ್ನೂ ತುಳಿಯಬಾರದು. ಒಂಬತ್ತನೇ ಕ್ಲಾಸು ಬಾಯಿ ಬಿಟ್ಟುಕೊಂಡು ಕೇಳಿತು. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ನಾವು ಆಮೆ ತಿಂತೀವಿ," ಅಂದಳು.

ಅವಳಪ್ಪ ಹೊಗೆಸೊಪ್ಪು ಬೆಳೆಯುವ ರೈತ. ಬಿಡುವಾದಾಗ ಲಕ್ಷ್ಮಣತೀರ್ಥ ಹೊಳೆಯ ಕೆಸರಿನಲ್ಲಿ ಆಮೆ ಹಿಡಿಯುತ್ತಿದ್ದ. ಕೋಲಿನಿಂದ ಕೆಸರು ಚುಚ್ಚಿ, ಆಮೆ ಎಲ್ಲಿ ಹುದುಗಿದೆ ಎಂದು ತೋರಿಸುವುದು ಮಗಳ ಕೆಲಸ. ಅವಳ ಕೋಲು ತಪ್ಪುತ್ತಿರಲಿಲ್ಲವಂತೆ. ಪಾಠದ ಮಾರನೆಯ ದಿನದಿಂದ ಅವಳು ಆ ಕೋಲು ಮುಟ್ಟಲಿಲ್ಲ. ಅಪ್ಪ ಅವಳನ್ನು ಬೈದ. ಆಮೇಲೆ ನನ್ನನ್ನೂ ಬೈದನಂತೆ.

ಆ ಬೇಸಿಗೆಯ ಮೊದಲಿಗೆ ಅವನು ಹೊಳೆ ದಂಡೆಯಲ್ಲಿ ಹೊಗೆಸೊಪ್ಪಿನ ಸಸಿ ಬೆಳೆಸಲು ಮಡಿ ಅಗೆಯುತ್ತಿದ್ದಾಗ ಗುದ್ದಲಿಗೆ ಆಮೆ ಮೊಟ್ಟೆ ಸಿಕ್ಕವು. ಒಂದು ಒಡೆಯಿತು. ಹುಡುಗಿ ಓಡಿಹೋಗಿ ಉಳಿದವುಗಳ ಮೇಲೆ ಮಣ್ಣೆಳೆದು ಪಕ್ಕದಲ್ಲೇ ಕುಳಿತುಬಿಟ್ಟಳು. ಏಳು ಅಂದರೆ ಏಳಲಿಲ್ಲ. ನನ್ನನ್ನು ಕರೆಸಿದರು.

"ನೋಡಿ ಮೇಡಮ್ನೋರೆ," ಅಂದ ಅಪ್ಪ. "ಮುಂಗಾರು ಬರಗಂಟ ಈ ಒಂದು ಮಡಿ ಬುಟ್ಕೊಡ್ತೀನಿ. ಮರಿ ಬಂದ್ವಾ, ನಾನಿನ್ನು ಆಮೆ ತಂಟೆಗೆ ಓಗಕಿಲ್ಲ. ಬರ್ನಿಲ್ವಾ, ಇವ್ಳು ಬಾಯ್ಮುಚ್ಕಂಡು ಕೋಲಿಡ್ಕಂಡು ನನ್ ಜತೆ ಬರ್ಬೇಕು."

ಹುಡುಗಿ "ಊಂ" ಅಂದಳು. ಅವಳ ಮುಖ ನೋಡಿ ನನಗೆ ಭಯವಾಯಿತು. ಆಮೆಯ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಆ ಚಾರ್ಟಿನಲ್ಲಿತ್ತು.

ಕೆಲವು ದಿನ ಬಿಟ್ಟು ನೋಡಲು ಹೋದೆ. ಮಡಿಯನ್ನು ಅಂದವಾಗಿ ಏರಿಸಿ, ಮೇಲೆ ಹುಲ್ಲು ಹೊದಿಸಿದ್ದರು. ಅವಳ ಕ್ಲಾಸಿನ ಒಬ್ಬ ಹುಡುಗ ಹೊಳೆಯಿಂದ ನೀರು ತುಂಬಿ ತಂದು ಸಣ್ಣ ತೂತಿನ ಡಬ್ಬದಲ್ಲಿ ಚಿಮುಕಿಸುತ್ತಿದ್ದ. ಹೊಗೆಸೊಪ್ಪಿನ ಬೀಜ ಬಿತ್ತಿದ ಮಡಿಗೆ ಮನೆಯಲ್ಲಿ ಏನು ಮಾಡುತ್ತಾರೋ ಅದೆಲ್ಲವನ್ನೂ ಮಾಡಿದ್ದರು. ಬೆಳಿಗ್ಗೆ ಸಂಜೆ ಪಾಳಿಯ ಮೇಲೆ ಇಡೀ ಕ್ಲಾಸು ನೀರು ಹಾಕುತ್ತಿತ್ತು. ನಾಳೆ ಗೊಬ್ಬರವಂತೆ.

ನನಗೆ ಪಿತ್ತ ನೆತ್ತಿಗೇರಿತು. "ನಿಮ್ಮನೆ ಕಾಯ್ಹೋಗ! ಮೊಟ್ಟೆಗೆ ಯಾರಾದ್ರೂ ನೀರು ಹಾಕ್ತಾರೇನ್ರೋ? ಕೊಳೆತುಹೋಗ್ತವೆ!"

"ನೀರಾಕ್ದೆ ಯಾವ್ದು ಮೊಳೀತದೆ ಮೇಡಂ?" ಅಂದ ಡಬ್ಬದ ಹುಡುಗ.

ನೀರು ಹಾಕಬೇಡಿ ಎಂದು ಚಾರ್ಟಿನಲ್ಲಿ ಬರೆದಿರಲಿಲ್ಲ. ಸಮುದ್ರದ ಪಕ್ಕದಲ್ಲಿ ಕೂತು ಬರೆದವರಿಗೆ ಅದು ಹೊಳೆದಿರಲಿಕ್ಕಿಲ್ಲ. "ಇನ್ನೊಂದು ಹನಿ ಬಿದ್ದರೂ ನನ್ನಷ್ಟು ಕೆಟ್ಟವಳಿಲ್ಲ," ಎಂದು ಕೂಗಾಡಿ ಬಂದೆ. ಹುಡುಗಿ ಆಗಲೂ "ಊಂ" ಅಂದಿದ್ದಳು.

ಅವಳು ಮಾತಿಗೆ ತಪ್ಪುವವಳಲ್ಲ. ಬಿಸಿಲು ಬಲಿತು ಮಡಿಯ ಮಣ್ಣು ಇಟ್ಟಿಗೆಯಂತಾಯಿತು. ಮೊದಲ ಮಳೆ ಬಂದಾಗ ಮನೆಯ ಟಾರ್ಪಾಲು ಹೊತ್ತು ತಂದು ಮಡಿಗೆ ಹೊದಿಸಿ, ಮೂಲೆಗೆಲ್ಲ ಕಲ್ಲು ಹೇರಿ, ತಾನು ಹೊರಗೆ ನೆನೆಯುತ್ತ ಕುಳಿತಳು. "ಒಂದ್ ಅನಿ ನೀರೂ ಬಿದ್ದಿಲ್ಲ ಮೇಡಂ," ಅಂದಳು. ನಾನು ಎಲ್ಲರ ಮುಂದೆ ಹೊಗಳಿದೆ.

ಮಳೆ ಬಂತು, ಹೋಯಿತು, ಮತ್ತೆ ಬಂತು. ಮರಿ ಬರಲಿಲ್ಲ. ಬೇರೆ ಮಡಿಗಳ ಸಸಿ ಕಿತ್ತು ಹೊಲದಲ್ಲಿ ನೆಡುವುದೂ ಶುರುವಾಯಿತು. ಅಪ್ಪ ಅಟ್ಟದಿಂದ ಕೋಲು ಇಳಿಸಿ ಬಾಗಿಲ ಪಕ್ಕ ಒರಗಿಸಿದ.

ಒಂದು ಮಧ್ಯಾಹ್ನ ನಾನು ಮಡಿ ನೋಡಲು ಹೋಗಿದ್ದಾಗ ಮೋಡ ಕಟ್ಟಿಕೊಂಡು ಬಂತು. ಅಪ್ಪ ಓಡೋಡಿ ಬಂದು ಟಾರ್ಪಾಲಿನ ಒಂದು ತುದಿ ಹಿಡಿದು ಜಗ್ಗಿದ. ಇನ್ನೊಂದು ತುದಿಯನ್ನು ಮಗಳು ಬಿಡಲೊಲ್ಲಳು.

"ಗಾಡೀಲಿ ಗೊಬ್ಬರದ ಮೂಟೆ ನೆನೀತಾ ಅವೆ ಕಣಮ್ಮಿ, ಬುಡು!"

"ಬುಡಕಿಲ್ಲ!"

ಕಿತ್ತುಕೊಂಡು ಹೋದ. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ನನಗೂ ಅಳು ಬಂತು. ಅಳುವ ಬದಲು ಅವನನ್ನು ಬಾಯಿಗೆ ಬಂದ ಹಾಗೆ ಬೈದೆ. ಅವನು ಆಗಲೇ ಗಾಡಿಯ ಹತ್ತಿರ ಇದ್ದ. ಮಳೆ ಧೋ ಎಂದು ಸುರಿದು ಮಡಿಯ ಮೇಲೆ ನೀರು ನಿಂತಿತು.

ಮಾರನೆಯ ಬೆಳಿಗ್ಗೆ ಅವನು ಗುದ್ದಲಿ ಹೊತ್ತು ಮಡಿ ಅಗೆಯಲು ಹೊರಟ. ಹಿಂದೆ ಮಗಳು, ಒಪ್ಪಿಕೊಂಡ ಹಾಗೆ ಕೈಯಲ್ಲಿ ಕೋಲು. ಅವಳನ್ನು ಹಾಗೆ ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ.

ಅವನು ಮಡಿಗೆ ಒಂದು ಕಾಲಿಟ್ಟ. ಇನ್ನೊಂದು ಕಾಲು ಎತ್ತಿದವನು ಹಾಗೆಯೇ ನಿಂತ. ಆ ಕಾಲಿನ ಕೆಳಗೆ ಬಿಸ್ಕತ್ತಿನಷ್ಟಗಲದ ಮರಿಯೊಂದು ಕೆಸರಿನಿಂದ ತಲೆ ಎತ್ತಿತ್ತು. ಅದರ ಪಕ್ಕ ಇನ್ನೊಂದು. ಗಟ್ಟಿ ಮಣ್ಣು ಒಡೆಯಲಾರದೆ ಅವು ಒಳಗೇ ಮಳೆಗಾಗಿ ಕಾದಿದ್ದವು ಎಂದು ಆಮೇಲೆ ತಿಳಿಯಿತು. ಕೊಳೆತ ಮೊಟ್ಟೆಗಳೂ ಇದ್ದವು. ಆ ಹೊತ್ತಿಗೆ ನಾವು ಯಾರೂ ಅವುಗಳ ಕಡೆ ನೋಡಲಿಲ್ಲ.

ಕಾಗೆ ಬಂತು. ಹುಡುಗಿ ಕೋಲು ಎಸೆದು ಓಡಿಸಿದಳು. ಕೋಲು ಹೊಳೆಗೆ ಬಿದ್ದು ಹೋಯಿತು. ಮರಿಗಳು ಒಂದೊಂದಾಗಿ ಅಪ್ಪನ ಕಾಲಿನ ಕೆಳಗೇ ದಾರಿ ಮಾಡಿಕೊಂಡು ಇಳಿಜಾರು ಹಿಡಿದವು. ಅವನು ಗುದ್ದಲಿ ಊರಿಕೊಂಡು ಒಂಟಿ ಕಾಲಿನಲ್ಲಿ ನಡುಗುತ್ತಿದ್ದ.

"ಅಮ್ಮೀ," ಅಂದ ಮೆಲ್ಲಗೆ, "ಕಾಲ್ ಮಡಗ್ಲಾ?"

ಅವಳು ಬಗ್ಗಿ ನೋಡಿದಳು. "ತಡಿಯಪ್ಪ. ಇನ್ನೊಂದೈತೆ."

"ಊಂ," ಅಂದು ಹಾಗೆಯೇ ನಿಂತ.